ಬೆನ್ನಿನ ಅಡಿಪಾಯ: ಎಲ್ಲರ ಬೆನ್ನೂ ಒಂದೇ ಅಳತೆಯದಲ್ಲ

ಕೆಳಬೆನ್ನು ನೋಯುತ್ತಿದೆ ಎಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಎರಡು ಸಲಹೆಗಳು ತಪ್ಪದೆ ಸಿಗುತ್ತವೆ. ಒಂದು, "ಬೆನ್ನು ನೆಟ್ಟಗೆ ಇಟ್ಟುಕೊಳ್ಳಿ, ಎಲ್ಲ ಸರಿಹೋಗುತ್ತದೆ." ಇನ್ನೊಂದು, "ಸೊಂಟದ ಮೂಳೆ ಜಾರಿದೆ, ಹೋಗಿ ಕೂರಿಸಿಕೊಳ್ಳಿ." ಎರಡನ್ನೂ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬೆನ್ನಿನ ಬುಡದಲ್ಲಿರುವ ಮೂಳೆ ಹೇಗಿದೆ, ಏನು ಮಾಡುತ್ತದೆ ಎಂಬುದು ಗೊತ್ತಾದರೆ ಈ ಎರಡು ಸಲಹೆಗಳನ್ನೂ ನಾವು ಬೇರೆ ರೀತಿ ನೋಡುತ್ತೇವೆ. ಮೊದಲ ಸಲಹೆಯಿಂದ ವಯಸ್ಸಾದವರು ವೃಥಾ ಬೈಸಿಕೊಳ್ಳುತ್ತಾರೆ. ಎರಡನೆಯದರಿಂದ ಕೆಲವು ಯುವಕರ ನಿಜವಾದ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಆ ಮೂಳೆಯ ಹೆಸರು ತ್ರಿಕಾಸ್ಥಿ. ವೈದ್ಯರು ಅದನ್ನು ಸ್ಯಾಕ್ರಮ್ ಎನ್ನುತ್ತಾರೆ. ಹಳೆಯ ಅರಬಿ ವೈದ್ಯಗ್ರಂಥಗಳಲ್ಲಿ ಅದು 'ಅಜುಝ್'.

ಐದು ಸೇರಿ ಒಂದು

ಬೆನ್ನೆಲುಬು ಒಂದರ ಮೇಲೊಂದು ಕೂತ ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದ ಮೇಲೆ 5. ಇವುಗಳ ಕೆಳಗೆ ಇನ್ನೂ 5 ಮಣಿಗಳಿವೆ. ಮಕ್ಕಳಲ್ಲಿ ಅವು ಬಿಡಿಬಿಡಿಯಾಗಿರುತ್ತವೆ. ಹದಿಹರೆಯದಲ್ಲಿ ಒಂದಕ್ಕೊಂದು ಬೆಸೆಯಲು ಆರಂಭಿಸಿ, ಇಪ್ಪತ್ತರ ಹರೆಯ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಒಂದೇ ಮೂಳೆಯಾಗುತ್ತವೆ. ಅದೇ ತ್ರಿಕಾಸ್ಥಿ. ಆಕಾರದಲ್ಲಿ ತಲೆಕೆಳಗಾದ ತ್ರಿಕೋನ. ಮೇಲೆ ಅಗಲ, ಕೆಳಗೆ ಚೂಪು. ತುದಿಯಲ್ಲಿ ಬಾಲದ ಮೂಳೆ ಅಂಟಿಕೊಂಡಿರುತ್ತದೆ.

ತ್ರಿಕಾಸ್ಥಿಯ ಎಡ ಮತ್ತು ಬಲಕ್ಕೆ ಸೊಂಟದ ಎರಡು ಅಗಲ ಮೂಳೆಗಳಿವೆ. ಈ ಮೂರೂ ಸೇರಿ ಬೋಗುಣಿಯಂಥ ಒಂದು ಚೌಕಟ್ಟಾಗುತ್ತದೆ. ಇದೇ ಶ್ರೋಣಿ, ವೈದ್ಯರ ಮಾತಿನಲ್ಲಿ ಪೆಲ್ವಿಸ್. ತಲೆ, ಕೈ, ಎದೆ, ಹೊಟ್ಟೆ ಎಲ್ಲದರ ಭಾರ ಬೆನ್ನೆಲುಬಿನ ಮೂಲಕ ತ್ರಿಕಾಸ್ಥಿಗೆ ಇಳಿಯುತ್ತದೆ. ಅಲ್ಲಿ ಅದು ಎರಡಾಗಿ ಒಡೆದು, ಎಡಬಲದ ಸೊಂಟದ ಮೂಳೆಗಳ ಮೂಲಕ ತೊಡೆಯ ಕೀಲುಗಳಿಗೆ, ಅಲ್ಲಿಂದ ಕಾಲುಗಳಿಗೆ ಹೋಗುತ್ತದೆ. ಕೂತಾಗ ಅದೇ ಭಾರ ಕುಂಡೆಯ ಮೂಳೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ನಾವು ನಿಂತರೂ ಕೂತರೂ ಬಾಗಿದರೂ ಮೇಲಿನ ದೇಹಕ್ಕೂ ಕೆಳಗಿನ ದೇಹಕ್ಕೂ ನಡುವಿನ ಕೊಂಡಿ ಇದೊಂದೇ.

ಈ ಮೂಳೆಯ ಒಳಗೆ ಒಂದು ಕಾಲುವೆಯೂ ಇದೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ಇಳಿಯುವ ನರಗಳು ಈ ಕಾಲುವೆಯೊಳಗೆ ಸಾಗಿ, ಎಡಬಲದಲ್ಲಿರುವ ನಾಲ್ಕು ಜೊತೆ ರಂಧ್ರಗಳಿಂದ ಹೊರಬರುತ್ತವೆ. ಮೂತ್ರ ಮತ್ತು ಮಲವನ್ನು ಹಿಡಿದಿಡುವ ಶಕ್ತಿ, ತೊಡೆಸಂದಿನ ಸ್ಪರ್ಶಜ್ಞಾನ ಇವೆಲ್ಲ ಈ ನರಗಳ ಕೆಲಸ.

ಎಂಟು ಶತಮಾನಗಳ ಹಿಂದಿನ ಒಂದು ಪರಿಶೀಲನೆ

ತ್ರಿಕಾಸ್ಥಿ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಬಗ್ದಾದಿನ ವೈದ್ಯ ಅಬ್ದುಲ್ಲತೀಫ್ ಅಲ್ ಬಗ್ದಾದಿ (1162–1231) ಒಬ್ಬರು. ಹದಿಮೂರನೆಯ ಶತಮಾನದ ಆರಂಭದಲ್ಲಿ ಈಜಿಪ್ಟ್ ಭೀಕರ ಬರಗಾಲಕ್ಕೆ ತುತ್ತಾದಾಗ ಅವರು ಅಲ್ಲಿದ್ದರು. ಕೈರೋ ಬಳಿ ರಾಶಿಬಿದ್ದಿದ್ದ ಅಸ್ಥಿಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. ಆ ಕಾಲದ ವೈದ್ಯರಿಗೆ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತೇ ಅಂತಿಮವಾಗಿತ್ತು. ಕೆಳದವಡೆ ಎರಡು ಮೂಳೆಗಳಿಂದಾಗಿದೆ ಎಂದು ಗ್ಯಾಲೆನ್ ಹೇಳಿದ್ದರೆ, ಅದು ಒಂದೇ ಮೂಳೆ ಎಂದು ಅಬ್ದುಲ್ಲತೀಫ್ ಖಚಿತವಾಗಿ ಬರೆದರು.

ತ್ರಿಕಾಸ್ಥಿಯ ವಿಷಯದಲ್ಲಿ ಅವರು ಇನ್ನೂ ಎಚ್ಚರ ವಹಿಸಿದರು. ಬಾಲದ ಮೂಳೆ ಸೇರಿ ಇದು 6 ಮೂಳೆಗಳ ಜೋಡಣೆ ಎಂಬುದು ಗ್ಯಾಲೆನ್‌ನ ಮಾತು. ಅಬ್ದುಲ್ಲತೀಫರಿಗೆ ಒಂದು ಅಸ್ಥಿಪಂಜರದಲ್ಲಿ ಅದು ಒಂದೇ ಮೂಳೆಯಾಗಿ ಕಂಡಿತು, ಮತ್ತೊಂದರಲ್ಲಿ ಗ್ಯಾಲೆನ್ ಹೇಳಿದಂತೆಯೇ ಕಂಡಿತು. ಆದ್ದರಿಂದ ದವಡೆಯ ವಿಷಯದಲ್ಲಿರುವಷ್ಟು ಖಾತ್ರಿ ಇದರಲ್ಲಿ ತನಗಿಲ್ಲ ಎಂದು ದಾಖಲಿಸಿದರು. ಇಂದು ನಮಗೆ ಗೊತ್ತು, ಅವರು ಕಂಡ ಎರಡೂ ಸರಿ. ವಯಸ್ಸಿಗೆ ತಕ್ಕಂತೆ ಬೆಸುಗೆ ಬದಲಾಗುತ್ತದೆ. ಅಷ್ಟೇ ಅಲ್ಲ, ಕೆಲವರಲ್ಲಿ ಸೊಂಟದ ಕೊನೆಯ ಮಣಿ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ, ಇನ್ನು ಕೆಲವರಲ್ಲಿ ತ್ರಿಕಾಸ್ಥಿಯ ಮೊದಲ ಮಣಿ ಬಿಡಿಯಾಗಿರುತ್ತದೆ. ಇದು ಹುಟ್ಟಿನಿಂದ ಬಂದ ವ್ಯತ್ಯಾಸ. ಎಕ್ಸ್‌ರೇ ವರದಿಯಲ್ಲಿ ಈ ಮಾತು ಕಂಡೊಡನೆ ಗಾಬರಿಯಾಗಬೇಕಿಲ್ಲ. ಬಹಳ ಮಂದಿಗೆ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ.

'ನೆಟ್ಟಗಿನ ಬೆನ್ನು' ಎಂದರೆ ಏನು?

ಒಂದು ಮನೆಯ ತಳಪಾಯ ಸಮತಟ್ಟಾಗಿದ್ದರೆ ಕಂಬವನ್ನು ನೇರ ನಿಲ್ಲಿಸಬಹುದು. ಆದರೆ ತ್ರಿಕಾಸ್ಥಿಯ ಮೇಲ್ಮೈ ಸಮತಟ್ಟಲ್ಲ, ಅದು ಮುಂದಕ್ಕೆ ಇಳಿಜಾರು. ನಿಂತ ವಯಸ್ಕರಲ್ಲಿ ಈ ಇಳಿಜಾರು ಸರಾಸರಿ 40 ಡಿಗ್ರಿಯ ಆಸುಪಾಸು. ಇಂಥ ಇಳಿಜಾರಿನ ಮೇಲೆ ನಿಂತ ಬೆನ್ನೆಲುಬು ನೇರ ಕೋಲಾಗಿದ್ದರೆ ನಾವು ಮುಗ್ಗರಿಸುತ್ತಿದ್ದೆವು. ಆದ್ದರಿಂದ ಅದು ಸೊಂಟದಲ್ಲಿ ಒಳಕ್ಕೆ ಬಾಗುತ್ತದೆ, ಎದೆಯ ಹಿಂದೆ ಹೊರಕ್ಕೆ ಬಾಗುತ್ತದೆ, ಕುತ್ತಿಗೆಯಲ್ಲಿ ಮತ್ತೆ ಒಳಕ್ಕೆ ಬಾಗುತ್ತದೆ. ಈ ಮೂರು ಬಾಗುಗಳ ಕೊನೆಯಲ್ಲಿ ತಲೆ ಸರಿಯಾಗಿ ಸೊಂಟದ ಮೇಲೆ ಬಂದು ನಿಲ್ಲುತ್ತದೆ. ಆಗ ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲ.

ಇಳಿಜಾರು ಕಡಿದಾಗಿದ್ದವರಿಗೆ ಸೊಂಟದ ಬಾಗು ಆಳವಾಗಿರಬೇಕು. ಇಳಿಜಾರು ಕಡಿಮೆ ಇದ್ದವರಿಗೆ ಚಪ್ಪಟೆ ಬೆನ್ನೇ ಸಹಜ. ಇದನ್ನು ಅಳೆಯಲು ಫ್ರಾನ್ಸಿನ ಸಂಶೋಧಕರು 1990ರ ದಶಕದಲ್ಲಿ ಒಂದು ಕೋನವನ್ನು ಗುರುತಿಸಿದರು. ತ್ರಿಕಾಸ್ಥಿಯ ಮೇಲ್ಮೈಗೂ ತೊಡೆಯ ಕೀಲುಗಳಿಗೂ ಇರುವ ಸಂಬಂಧವನ್ನು ಅದು ತಿಳಿಸುತ್ತದೆ. ಹೆಸರು ಪೆಲ್ವಿಕ್ ಇನ್ಸಿಡೆನ್ಸ್. ಬೆಳೆಯುವ ವಯಸ್ಸಿನಲ್ಲಿ ಇದು ಹೆಚ್ಚುತ್ತಾ ಹೋಗಿ, ಬೆಳವಣಿಗೆ ನಿಂತ ಮೇಲೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಒಬ್ಬರ ಪಾದದ ಅಳತೆ ಇದ್ದಂತೆ ಇದು ಅವರವರದ್ದು. ವಯಸ್ಕರಲ್ಲಿ ಸರಾಸರಿ 50ರಿಂದ 55 ಡಿಗ್ರಿ. ಆದರೆ 35 ಇರುವವರೂ ಇದ್ದಾರೆ, 80 ಇರುವವರೂ ಇದ್ದಾರೆ. ಎಲ್ಲರೂ ಆರೋಗ್ಯವಂತರೇ.

ಈ ಕೋನ ಎರಡು ಭಾಗಗಳ ಮೊತ್ತ. ಒಂದು, ತ್ರಿಕಾಸ್ಥಿಯ ಇಳಿಜಾರು. ಇನ್ನೊಂದು, ಶ್ರೋಣಿ ಎಷ್ಟು ಹಿಂದಕ್ಕೆ ವಾಲಿದೆ ಎಂಬ ವಾಲಿಕೆ. ಒಂದು ಹೆಚ್ಚಿದರೆ ಇನ್ನೊಂದು ಅಷ್ಟೇ ಕಡಿಮೆಯಾಗಬೇಕು. ಉದಾಹರಣೆಗೆ, ಮೊತ್ತ 50 ಇರುವ ಒಬ್ಬರು ಸಾಧಾರಣವಾಗಿ ನಿಂತಾಗ ಇಳಿಜಾರು 38, ವಾಲಿಕೆ 12 ಇರಬಹುದು. ಅವರೇ ಕುಂಡೆಯನ್ನು ಒಳಕ್ಕೆಳೆದು ನಿಂತರೆ ಇಳಿಜಾರು 30ಕ್ಕೆ ಇಳಿದು ವಾಲಿಕೆ 20ಕ್ಕೆ ಏರುತ್ತದೆ. ಮೊತ್ತ ಮಾತ್ರ 50ರಲ್ಲೇ ಇರುತ್ತದೆ. ಸೊಂಟದ ಬಾಗು ಸರಿಸುಮಾರು ಈ ಮೊತ್ತಕ್ಕೆ ಹತ್ತಿರವಿರಬೇಕು, 10 ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ ಎಂಬುದು ಶಸ್ತ್ರವೈದ್ಯರು ಬಳಸುವ ಒಂದು ಲೆಕ್ಕ.

ಹಾಗಾದರೆ ಎಲ್ಲರಿಗೂ ಹೊಂದುವ ಒಂದು 'ಸರಿಯಾದ ಭಂಗಿ' ಇಲ್ಲ. ಪಕ್ಕದವರ ಬೆನ್ನು ಹಲಗೆಯಂತೆ ಚಪ್ಪಟೆಯಾಗಿದೆ, ನನ್ನದು ಒಳಕ್ಕೆ ಬಾಗಿದೆ ಎಂದು ಕೊರಗುವುದೂ, ಮಗಳ ಸೊಂಟದ ಬಾಗು ಜಾಸ್ತಿ ಎಂದು ದಿನವೂ ಗದರುವುದೂ ಅನಗತ್ಯ. ಅವರವರ ತಳಪಾಯಕ್ಕೆ ತಕ್ಕ ಬಾಗು ಅವರವರಿಗೆ.

'ಮೂಳೆ ಜಾರಿದೆ' ಎಂಬ ಮಾತು

ತ್ರಿಕಾಸ್ಥಿ ಸೊಂಟದ ಮೂಳೆಗಳಿಗೆ ಸೇರುವ ಕೀಲು ಮೊಣಕಾಲಿನಂತೆ ಮಡಚುವ ಕೀಲಲ್ಲ. ಎರಡೂ ಕಡೆಯ ಮೂಳೆಗಳ ಉಬ್ಬುತಗ್ಗುಗಳು ಒಂದರೊಳಗೊಂದು ಕೂತಿರುತ್ತವೆ. ಅವುಗಳ ಹಿಂದೆ ದೇಹದಲ್ಲೇ ಅತ್ಯಂತ ಬಲವಾದ ಲಿಗಮೆಂಟ್ ಪಟ್ಟಿಗಳು ಬಿಗಿದಿರುತ್ತವೆ. ಮೇಲಿಂದ ಭಾರ ಬಿದ್ದಷ್ಟೂ ಈ ಪಟ್ಟಿಗಳು ಇನ್ನಷ್ಟು ಬಿಗಿಯಾಗುತ್ತವೆ.

ಈ ಕೀಲು ಎಷ್ಟು ಅಲುಗಾಡುತ್ತದೆ ಎಂದು ಸ್ವೀಡನ್ನಿನ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದರು. 25 ಮಂದಿಯ ಮೂಳೆಗಳಲ್ಲಿ ಲೋಹದ ಸಣ್ಣ ಗುಂಡುಗಳನ್ನಿರಿಸಿ, ಬೇರೆಬೇರೆ ಭಂಗಿಗಳಲ್ಲಿ ಎಕ್ಸ್‌ರೇ ತೆಗೆದು ಲೆಕ್ಕ ಹಾಕಿದರು. ತಿರುಗುವಿಕೆ ಸರಾಸರಿ 2.5 ಡಿಗ್ರಿ, ಜರುಗುವಿಕೆ ಸರಾಸರಿ 0.7 ಮಿಲಿಮೀಟರ್. ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಇಷ್ಟು ಸಣ್ಣ ಚಲನೆಯನ್ನು ಚರ್ಮ, ಕೊಬ್ಬು, ಸ್ನಾಯುಗಳ ಮೇಲಿಂದ ಕೈಯಲ್ಲಿ ಮುಟ್ಟಿ 'ಇಲ್ಲಿ ಜಾರಿದೆ' ಎಂದು ಹೇಳುವುದು ಕಷ್ಟಸಾಧ್ಯ.

1998ರಲ್ಲಿ ಸ್ವೀಡನ್ನಿನಲ್ಲೇ ಇದೇ ವಿಧಾನದಿಂದ ಇನ್ನೊಂದು ಅಧ್ಯಯನ ನಡೆಯಿತು. 10 ರೋಗಿಗಳ ಈ ಕೀಲನ್ನು ನುರಿತವರು ಕೈಯಿಂದ ಒತ್ತಿ 'ಸರಿಪಡಿಸಿದರು'. ನಂತರ ಕೈಯಿಂದ ಪರೀಕ್ಷಿಸಿದಾಗ ಕೀಲು ಸರಿಹೋದಂತೆ ಕಂಡಿತು. ಆದರೆ ಎಕ್ಸ್‌ರೇ ಅಳತೆಯಲ್ಲಿ ತ್ರಿಕಾಸ್ಥಿಯ ಸ್ಥಾನ ಬದಲಾಗಿರಲಿಲ್ಲ. ಒತ್ತಿಸಿಕೊಂಡವರಿಗೆ ಹಾಯೆನಿಸುವುದು ಸುಳ್ಳಲ್ಲ. ಬಿಗಿದ ಸ್ನಾಯು ಸಡಿಲಾಗುತ್ತದೆ, ನೋವಿನ ಅರಿವು ಸ್ವಲ್ಪ ಹೊತ್ತು ತಗ್ಗುತ್ತದೆ. ಆದರೆ ಜಾರಿದ ಮೂಳೆ ವಾಪಸು ಕೂತಿತು ಎಂಬ ಅರ್ಥವಲ್ಲ.

ನಿಜವಾಗಿ ಜಾರುವುದೂ ಉಂಟು, ಅದು ಬೇರೆ. ಸೊಂಟದ ಒಂದು ಮಣಿ ತನ್ನ ಕೆಳಗಿನದರ ಮೇಲೆ ಅಥವಾ ತ್ರಿಕಾಸ್ಥಿಯ ಇಳಿಜಾರಿನ ಮೇಲೆ ಮುಂದಕ್ಕೆ ಸರಿಯುವುದನ್ನು ಸ್ಪಾಂಡಿಲೋಲಿಸ್ಥೆಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸ್ವಲ್ಪ ಸರಿದಿದ್ದರೆ ಬಹುತೇಕರಿಗೆ ವ್ಯಾಯಾಮವೇ ಸಾಕು. ಇದನ್ನು ಕೈಯಿಂದ ಒತ್ತಿ ಹಿಂದಕ್ಕೆ ಕೂರಿಸಲು ಸಾಧ್ಯವಿಲ್ಲ. ಬೆನ್ನಿನ ಮೇಲೆ ಕಾಲಿಟ್ಟು ತುಳಿಸಿಕೊಳ್ಳುವುದಂತೂ ಇಲ್ಲಿ ಅಪಾಯಕಾರಿ.

ವಯಸ್ಸಾದಂತೆ ಆಗುವುದೇನು?

ವಯಸ್ಸಾದಂತೆ ಮಣಿಗಳ ನಡುವಿನ ಡಿಸ್ಕ್‌ಗಳು ಸವೆದು ತೆಳುವಾಗುತ್ತವೆ. ಸೊಂಟದ ಬಾಗು ಕಡಿಮೆಯಾಗುತ್ತದೆ, ದೇಹ ಮುಂದಕ್ಕೆ ವಾಲುತ್ತದೆ. ಬೀಳದಿರಲು ದೇಹ ತಾನೇ ಒಂದು ದಾರಿ ಹುಡುಕುತ್ತದೆ. ಮೊದಲು ಶ್ರೋಣಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಅದೂ ಸಾಲದಿದ್ದರೆ ಮೊಣಕಾಲುಗಳನ್ನು ಸ್ವಲ್ಪ ಮಡಚುತ್ತದೆ. ತೊಡೆ ಮತ್ತು ಕುಂಡೆಯ ಸ್ನಾಯುಗಳು ಇಡೀ ದಿನ ದುಡಿಯುತ್ತವೆ. ಬೆಳಿಗ್ಗೆ ನೆಟ್ಟಗಿದ್ದ ಹಿರಿಯರು ಸಂಜೆಯ ಹೊತ್ತಿಗೆ ಬಾಗುವುದು ಇದರಿಂದಲೇ. ಶ್ರೋಣಿಯ ಕೋನ ಹುಟ್ಟಿನಿಂದಲೇ ಕಡಿಮೆ ಇದ್ದವರಿಗೆ ಹಿಂದಕ್ಕೆ ತಿರುಗಿಸಲು ಜಾಗವೂ ಕಡಿಮೆ, ಅವರು ಬೇಗ ದಣಿಯುತ್ತಾರೆ.

ಇನ್ನು ಕೆಲವರಿಗೆ ಬೆನ್ನಿನ ನರದ ಕಾಲುವೆ ಕಿರಿದಾಗಿರುತ್ತದೆ. ನೆಟ್ಟಗೆ ನಿಂತರೆ ಅದು ಇನ್ನಷ್ಟು ಕಿರಿದಾಗಿ ಕಾಲು ಜೋಮು ಹಿಡಿಯುತ್ತದೆ. ಸ್ವಲ್ಪ ಬಾಗಿದರೆ ಅಥವಾ ಕೂತರೆ ಹಾಯೆನಿಸುತ್ತದೆ. ಇಂಥವರಿಗೆ "ಅಜ್ಜ, ನೆಟ್ಟಗೆ ನಿಲ್ಲಿ" ಎಂದು ಹೇಳುವುದು ಉಪಕಾರವಲ್ಲ. ಅವರ ಬಾಗುವಿಕೆ ಸೋಮಾರಿತನವಲ್ಲ, ದೇಹ ಕಂಡುಕೊಂಡ ಪರಿಹಾರ.

ಮೂಳೆ ಸವಕಳಿ ಇರುವ ವಯಸ್ಸಾದ ಮಹಿಳೆಯರ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಸಣ್ಣಗೆ ಜಾರಿ ಬಿದ್ದರೂ, ಕೆಲವೊಮ್ಮೆ ಬೀಳದೆಯೂ ತ್ರಿಕಾಸ್ಥಿಯಲ್ಲಿ ಬಿರುಕು ಬಿಡಬಹುದು. ಕುಂಡೆಯ ಹಿಂದೆ ತೀವ್ರ ನೋವು, ನಡೆಯಲು ಕಷ್ಟ. ಸಾಧಾರಣ ಎಕ್ಸ್‌ರೇಯಲ್ಲಿ ಇದು ಎಷ್ಟೋ ಬಾರಿ ಕಾಣುವುದೇ ಇಲ್ಲ. "ಎಕ್ಸ್‌ರೇ ಸರಿಯಿದೆ, ಸುಮ್ಮನೆ ಗೊಣಗುತ್ತಾರೆ" ಎಂದು ಮನೆಯವರು ಕೈಬಿಡಬಾರದು. ಎಂ.ಆರ್.ಐ. ಅಥವಾ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರಲ್ಲಿ ಕೇಳಬೇಕು.

ಗರ್ಭಿಣಿಯರಲ್ಲಿ ಈ ಕೀಲಿನ ಪಟ್ಟಿಗಳು ಸಹಜವಾಗಿ ಸಡಿಲಾಗುತ್ತವೆ. ಸೊಂಟದ ಹಿಂಭಾಗ ನೋಯುತ್ತದೆ. ಭಾರ ಎತ್ತುವ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳಬೇಕಾದ ಸಮಯ ಇದು. ಹೆರಿಗೆಯ ನಂತರ ಹೆಚ್ಚಿನವರಿಗೆ ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ಯುವಕರ ಬೆನ್ನುನೋವು

ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕೆಳಬೆನ್ನು ನೋಯುತ್ತಿದ್ದರೆ ಅದರ ಸ್ವಭಾವವನ್ನು ಗಮನಿಸಬೇಕು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಮರಗಟ್ಟಿರುವುದು, ರಾತ್ರಿಯ ಕೊನೆಯ ಜಾವದಲ್ಲಿ ನೋವಿನಿಂದ ಎಚ್ಚರವಾಗುವುದು, ಮಲಗಿದರೆ ಹೆಚ್ಚಿ ನಡೆದಾಡಿದರೆ ಕಡಿಮೆಯಾಗುವುದು, ಒಮ್ಮೆ ಎಡ ಒಮ್ಮೆ ಬಲ ಕುಂಡೆ ನೋಯುವುದು, ಕಣ್ಣು ಕೆಂಪಾಗಿ ನೋಯುವುದು. ಇವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಲಕ್ಷಣಗಳಿರಬಹುದು. ಈ ರೋಗ ಸಾಮಾನ್ಯವಾಗಿ ಆರಂಭವಾಗುವುದೇ ತ್ರಿಕಾಸ್ಥಿಯ ಕೀಲಿನಲ್ಲಿ. ಹೆಚ್ಚಿನವರಲ್ಲಿ 45 ವರ್ಷಕ್ಕೆ ಮೊದಲೇ ಶುರುವಾಗುತ್ತದೆ.

'ಮೂಳೆ ಜಾರಿದೆ' ಎಂದು ನಂಬಿ ಊರೂರು ತಿರುಗುತ್ತಾ ವರ್ಷಗಳನ್ನು ಕಳೆದರೆ ಕೆಲವರಲ್ಲಿ ಮಣಿಗಳು ಒಂದಕ್ಕೊಂದು ಬೆಸೆದು ಬೆನ್ನು ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗಬಹುದು. ಆರಂಭದಲ್ಲೇ ಗುರುತಿಸಿದರೆ ಔಷಧ ಮತ್ತು ವ್ಯಾಯಾಮದಿಂದ ನೋವನ್ನೂ ಬಿಗಿತವನ್ನೂ ಹತೋಟಿಯಲ್ಲಿಟ್ಟು ದುಡಿಮೆ ಮುಂದುವರಿಸಬಹುದು. ಕೀಲುವಾತದ ತಜ್ಞರನ್ನು, ಅಂದರೆ ರುಮಟಾಲಜಿಸ್ಟರನ್ನು ಕಾಣಬೇಕು.

ಇನ್ನೊಂದು ತುರ್ತು ಸಂಗತಿ. ಬೆನ್ನುನೋವಿನ ಜೊತೆ ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲುಗಳ ಬಲ ಕುಂದಿದರೆ ಮರುದಿನಕ್ಕೆ ಕಾಯಬಾರದು. ತ್ರಿಕಾಸ್ಥಿಗೆ ಇಳಿಯುವ ನರಗಳು ಒತ್ತಿಹೋಗಿರಬಹುದು. ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕೂರುವುದು, ಬಾಗುವುದು, ಏಳುವುದು

ನಿಂತವರು ಕುರ್ಚಿಯಲ್ಲಿ ಕೂತಾಗ ಶ್ರೋಣಿ ಹಿಂದಕ್ಕೆ ತಿರುಗುತ್ತದೆ, ತ್ರಿಕಾಸ್ಥಿಯ ಇಳಿಜಾರು ತಗ್ಗುತ್ತದೆ, ಸೊಂಟದ ಬಾಗು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಇನ್ನಷ್ಟು. ಇದರಲ್ಲಿ ತಪ್ಪಿಲ್ಲ, ಬೆನ್ನು ಇರುವುದೇ ಬಾಗಲು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಇರುವುದೇ ತೊಂದರೆ. ಅಂಗಡಿಯ ಗಲ್ಲಾ, ಹೊಲಿಗೆ ಯಂತ್ರ, ಬೀಡಿ ಕಟ್ಟುವ ತಟ್ಟೆ, ಲಾರಿಯ ಸೀಟು, ಕಂಪ್ಯೂಟರ್ ಯಾವುದರ ಮುಂದೆ ಕೂತವರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ನಮಾಝ್ ಇಬಾದತ್ತೇ ಹೊರತು ವ್ಯಾಯಾಮವಲ್ಲ. ಅದು ಬೆನ್ನುನೋವಿಗೆ ಔಷಧ ಎಂದು ಹೇಳುವುದು ಸರಿಯಲ್ಲ. ಆದರೆ ಅದರಲ್ಲಿ ದೇಹ ನಿಲ್ಲುತ್ತದೆ, ಬಾಗುತ್ತದೆ, ಮಡಚಿಕೊಳ್ಳುತ್ತದೆ, ಕೂರುತ್ತದೆ. ಆದ್ದರಿಂದ ಸೊಂಟದ ಬಿಗಿತ ಮೊದಲು ಅರಿವಿಗೆ ಬರುವುದೂ ಅಲ್ಲೇ. ರುಕೂವಿನಲ್ಲಿ ಬಾಗಬೇಕಾದದ್ದು ಹೆಚ್ಚಾಗಿ ತೊಡೆಯ ಕೀಲಿನಲ್ಲಿ. ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿಯಾಗಿದ್ದರೆ ಶ್ರೋಣಿ ಮುಂದಕ್ಕೆ ತಿರುಗದು. ಆಗ ಬೆನ್ನು ಗೂನಾಗಿ ಸೊಂಟದ ಡಿಸ್ಕ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ. ದಿನವೂ ಆ ಸ್ನಾಯುಗಳನ್ನು ನಿಧಾನವಾಗಿ ಎಳೆಯುವ ವ್ಯಾಯಾಮ ಮಾಡಿದರೆ ಈ ತೊಂದರೆ ತಗ್ಗುತ್ತದೆ. ಮಂಡಿಯೂರಿ ಕೂರುವಾಗ ಮೊಣಕಾಲು ಮಡಚಿರುವುದರಿಂದ ಅದೇ ಸ್ನಾಯು ಸಡಿಲವಾಗಿರುತ್ತದೆ, ಹಲವರಿಗೆ ಚಕ್ಕಳಮಕ್ಕಳಕ್ಕಿಂತ ಹಾಗೆ ಕೂರುವುದೇ ಬೆನ್ನಿಗೆ ಸಲೀಸು. ಆದರೆ ಮೊಣಕಾಲು ಸವೆದವರಿಗೆ ಅದು ಆಗದು.

ನೆಲದಿಂದ ಏಳಲಾಗದವರು ಕುರ್ಚಿ ಬಳಸಬೇಕಾಗುತ್ತದೆ. ಗಟ್ಟಿಯಾದ, ಅಲ್ಲಾಡದ ಕುರ್ಚಿ ಇರಲಿ. ಪಾದಗಳು ಪೂರ್ತಿ ನೆಲಕ್ಕೆ ತಾಗಲಿ. ಸೊಂಟ ಮೊಣಕಾಲಿಗಿಂತ ತುಸು ಎತ್ತರದಲ್ಲಿದ್ದರೆ ಶ್ರೋಣಿ ನೆಟ್ಟಗಿರುತ್ತದೆ. ಬೇಗ ಕುಸಿಯುವ ಪ್ಲಾಸ್ಟಿಕ್ ಕುರ್ಚಿ ಬೇಡ. ಯಾವ ಭಾಗವನ್ನು ನಿಂತು, ಯಾವುದನ್ನು ಕೂತು ನಿರ್ವಹಿಸಬೇಕೆಂಬ ವಿಧಿಯನ್ನು ನಿಮ್ಮ ಖತೀಬರಲ್ಲಿ ಕೇಳಿ ತಿಳಿದುಕೊಳ್ಳಿ. ಅಶಕ್ತರಿಗೆ ಧರ್ಮ ರಿಯಾಯಿತಿ ನೀಡಿರುವಾಗ ಸಫ್‌ನಲ್ಲಿ ಕುರ್ಚಿ ಹಾಕಿದವರನ್ನು ಓರೆಗಣ್ಣಿನಿಂದ ನೋಡುವುದು ನಮಗೆ ತಕ್ಕುದಲ್ಲ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವವರ ಸೊಂಟದೊಳಗೆ ಏನಿದೆಯೆಂದು ಪಕ್ಕದಲ್ಲಿ ನಿಂತವರಿಗೆ ತಿಳಿಯದು.

ನೆನಪಿಡಬೇಕಾದದ್ದು

ತ್ರಿಕಾಸ್ಥಿಯ ಆಕಾರವನ್ನು ವಯಸ್ಕರಲ್ಲಿ ಯಾವ ಎಣ್ಣೆ, ಪಟ್ಟಿ, ಒತ್ತಡವೂ ಬದಲಿಸದು. ಬದಲಿಸಬಹುದಾದದ್ದು ಅದರ ಸುತ್ತಲಿನ ಸ್ನಾಯುಗಳ ಬಲ ಮತ್ತು ಸಡಿಲಿಕೆ. ತೊಡೆಯ ಮುಂಭಾಗ, ಹಿಂಭಾಗಗಳನ್ನು ಎಳೆಯುವ ವ್ಯಾಯಾಮ, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವ ವ್ಯಾಯಾಮ, ದಿನವೂ ಅರ್ಧ ಗಂಟೆಯ ನಡಿಗೆ, ಇವು ಹೆಚ್ಚಿನವರಿಗೆ ಸಾಕು. ಮೊದಲ ಬಾರಿ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಕಲಿತುಕೊಂಡರೆ ಉತ್ತಮ. ಸಾಧಾರಣ ಬೆನ್ನುನೋವಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮುಂದಿನ ಸಲ ಯಾರಾದರೂ ಬೆನ್ನುನೋವೆಂದರೆ 'ನೆಟ್ಟಗೆ ಕೂತುಕೊಳ್ಳಿ' ಎನ್ನುವ ಮೊದಲು ಮೂರು ಪ್ರಶ್ನೆ ಕೇಳೋಣ. ಎಷ್ಟು ದಿನದಿಂದ ಇದೆ? ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಕಾಲಿನಲ್ಲಿ ಬಲ, ಸ್ಪರ್ಶ ಸರಿಯಿದೆಯೇ? ಉತ್ತರದಲ್ಲಿ ಅನುಮಾನ ಬಂದರೆ ಅವರನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋಗೋಣ.